1.2 ಬರೆದ ಶೆಲ್ಲು, 1.5 ಕೇಳುವ ಬ್ಯಾಟರಿ

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಬದಿಯ ಊರು. ರಾತ್ರಿ ಗಜನಿ (ಹೊಳೆಯ ಉಪ್ಪುನೀರು ನುಗ್ಗುವ ಗದ್ದೆ) ಕಟ್ಟಿನ ಬಾಗಿಲು ನೋಡಿಬರಲು, ಏಡಿ ಹಿಡಿಯಲು ಬ್ಯಾಟರಿ (ಟಾರ್ಚು) ಇಲ್ಲದೆ ಆಗುವುದಿಲ್ಲ. ಮನೆಯಲ್ಲಿ ಮೂರಿವೆ. ಒಂದು ಅಪ್ಪನ ಕಾಲದ ಹಿತ್ತಾಳೆಯದು, ಎರಡು ದೊಡ್ಡ ಶೆಲ್ ಹಾಕುವಂಥದ್ದು, ಹಳೇ ಬಲ್ಬೇ ಇದೆ. ಇನ್ನೊಂದು ಎರಡು ಪೆನ್ಸಿಲ್ ಶೆಲ್ಲಿನ ಎಲ್‌ಇಡಿ. ಮತ್ತೊಂದು ತಲೆಗೆ ಕಟ್ಟುವುದು, ಅದಕ್ಕೆ ರಿಮೋಟಿಗೆ ಹಾಕುವ ಸಣ್ಣ ಶೆಲ್ ಮೂರು ಬೇಕು. ಶೆಲ್ ತಂದು ಎಸೆದು ಸಾಕಾಗಿದೆ. ಚಾರ್ಜಿಂಗ್ ಶೆಲ್ ಹಾಕಬಹುದೇ? ‘1.5 ವೋಲ್ಟ್ ಬೇಕಾದಲ್ಲಿ 1.2 ವೋಲ್ಟಿನದು ಹಾಕಿದರೆ ಬೆಳಕೇ ಬರುವುದಿಲ್ಲ, ಬ್ಯಾಟರಿಯೂ ಹಾಳು’ ಅನ್ನುತ್ತಾರೆ ಅಂಗಡಿಯವರು. ಬೆಂಗಳೂರಿನಲ್ಲಿರುವ ಅಳಿಯ ಪೆನ್ಸಿಲ್ ಶೆಲ್ ಅಳತೆಯವೇ ನಾಲ್ಕು ಶೆಲ್ ತಂದುಕೊಟ್ಟಿದ್ದಾನೆ. ಮೇಲೆ 3.7 ವೋಲ್ಟ್ ಎಂದು ಬರೆದಿದೆ. ‘ಇದಕ್ಕೆ ಪವರ್ ಜಾಸ್ತಿ, ಇದನ್ನೇ ಹಾಕಿ ಮಾವ’ ಅನ್ನುತ್ತಾನೆ. ಯಾರ ಮಾತು ಕೇಳಲಿ? ಅಂದಹಾಗೆ, ಅಪ್ಪನ ಬ್ಯಾಟರಿಯ ಹಿಂದಿನ ಮುಚ್ಚಳ ಎರಡು ಮಳೆಗಾಲದಿಂದ ತಿರುಗುತ್ತಿಲ್ಲ.

ಉತ್ತರ: ಮೊದಲು ಅಳಿಯಂದಿರು ತಂದ ಶೆಲ್ಲುಗಳನ್ನು ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ. ಒಂದರ ತುದಿ ಇನ್ನೊಂದಕ್ಕೆ ತಾಗದಂತೆ ಎರಡೂ ಕಡೆ ಟೇಪು ಅಂಟಿಸಿ. ಯಾಕೆಂದು ಆಮೇಲೆ ಹೇಳುತ್ತೇನೆ. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಒಂದು ಜಾತಿಯ ಬ್ಯಾಟರಿಗೆ ಅದು ನಿಜವೇ. ನಿಮ್ಮಲ್ಲಿರುವುದು ಆ ಜಾತಿಯದಲ್ಲ ಅನ್ನಿಸುತ್ತದೆ, ಆದರೆ ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು.

ಬೇರೆ ಜಿಲ್ಲೆಯವರು ಓದುತ್ತಿದ್ದರೆ ಒಂದು ಮಾತು: ನಮ್ಮಲ್ಲಿ ಟಾರ್ಚಿಗೇ ಬ್ಯಾಟರಿ ಎಂದು ಹೆಸರು, ಒಳಗೆ ಹಾಕುವುದು ಶೆಲ್ಲು. ‘ಸ್ವಲ್ಪ ಬ್ಯಾಟರಿ ಬಿಡು’ ಅಂದರೆ ಬೆಳಕು ಬಿಡು ಎಂದರ್ಥ. ನಾನೂ ಹಾಗೇ ಬರೆಯುತ್ತೇನೆ. ಶಿರಸಿಯಲ್ಲಿ 30 ವರ್ಷ ರೇಡಿಯೋ, ಬ್ಯಾಟರಿ ರಿಪೇರಿ ಮಾಡಿದವನ ಬಾಯಿಗೆ ಈಗ ಬೇರೆ ಮಾತು ಹೊರಳುವುದಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ಮೇಜಿನ ಮೇಲೆ ಎರಡು ಪೆನ್ಸಿಲ್ ಶೆಲ್ ಇಟ್ಟುಕೊಂಡು ಕೂತೆ. ಒಂದು ಹೊಸ ಅಲ್ಕಲೈನ್, ಅಂದರೆ ಮುಗಿದರೆ ಬಿಸಾಡುವ ಜಾತಿಯದು, ಆಗಷ್ಟೇ ಪ್ಯಾಕೆಟ್ ಒಡೆದದ್ದು. ಇನ್ನೊಂದು ಮೂರು ವರ್ಷ ಹಳೆಯ ಚಾರ್ಜಿಂಗ್ ಶೆಲ್ಲು, 2000 ಎಂಎಎಚ್‌ನದು, ಹಿಂದಿನ ದಿನ ಚಾರ್ಜ್ ಮಾಡಿಟ್ಟದ್ದು. (ಎಂಎಎಚ್ ಅಂದರೆ ಶೆಲ್ಲಿನೊಳಗೆ ಎಷ್ಟು ಕರೆಂಟು ತುಂಬುತ್ತದೆ ಎಂಬುದರ ಅಳತೆ.) ಸುಮ್ಮನೆ ಮೀಟರ್ ಹಿಡಿದಾಗ ಅಲ್ಕಲೈನ್ 1.59 ತೋರಿಸಿತು, ಚಾರ್ಜಿಂಗ್ ಶೆಲ್ 1.36. ಇಲ್ಲಿಗೆ ಅಂಗಡಿಯವರೇ ಗೆದ್ದರು. ಆಮೇಲೆ ಎರಡಕ್ಕೂ 3 ಓಮಿನ ಒಂದೊಂದು ರೆಸಿಸ್ಟರ್ ಕಟ್ಟಿದೆ. ಹೊತ್ತಿಸಿದ ಬ್ಯಾಟರಿಯಲ್ಲಿ ಶೆಲ್ಲಿನ ಮೇಲೆ ಹೆಚ್ಚುಕಡಿಮೆ ಇಷ್ಟೇ ಭಾರ ಬೀಳುತ್ತದೆ. ಅಲ್ಕಲೈನ್ ಕಣ್ಣೆದುರಲ್ಲೇ 1.42ಕ್ಕೆ ಇಳಿಯಿತು. ಹತ್ತು ನಿಮಿಷಕ್ಕೆ 1.32. ಚಾ ಕುಡಿದು, ಪೇಪರ್ ಓದಿ, ಒಂದು ಗಂಟೆ ಬಿಟ್ಟು ನೋಡಿದರೆ 1.2ರ ಆಸುಪಾಸು. ಚಾರ್ಜಿಂಗ್ ಶೆಲ್ ಭಾರ ಬಿದ್ದ ಕೂಡಲೇ 1.29ಕ್ಕೆ ಬಂದಿತ್ತು. ಒಂದು ಗಂಟೆಯ ನಂತರ 1.25. ಮೂರು ಗಂಟೆಯ ನಂತರ ಅಲ್ಕಲೈನ್ 1 ವೋಲ್ಟಿನ ಕೆಳಗೆ ಹೋಗಿ ತಳ ಕಂಡಿತ್ತು, ಚಾರ್ಜಿಂಗ್ ಶೆಲ್ ಇನ್ನೂ 1.21ರಲ್ಲಿ ನಿಂತಿತ್ತು.

ಅಂದರೆ 1.5 ಅನ್ನುವುದು ಶೆಲ್ಲು ಕೆಲಸವಿಲ್ಲದೆ ಕೂತಾಗಿನ ಲೆಕ್ಕ. ಚೀಟಿಯ ಮೇಲೆ ಅಚ್ಚಾಗುವುದು ಅದು. ದುಡಿಮೆಗೆ ಹಚ್ಚಿದರೆ ಬಿಸಾಡುವ ಶೆಲ್ಲು ತನ್ನ ಆಯುಷ್ಯದ ಬಹುಪಾಲನ್ನು 1.3 ಮತ್ತು 1ರ ನಡುವೆಯೇ ಕಳೆಯುತ್ತದೆ. ಅದರೊಳಗಿನ ಅಡೆತಡೆ, ಅಂದರೆ ಆಂತರಿಕ ರೋಧ, ಹೆಚ್ಚು. ಕರೆಂಟು ಜಾಸ್ತಿ ಎಳೆದಷ್ಟೂ ವೋಲ್ಟೇಜಿನ ಒಂದು ಪಾಲು ಒಳಗೇ ಉಳಿದು ಶೆಲ್ಲನ್ನು ಬಿಸಿ ಮಾಡುತ್ತದೆಯೇ ಹೊರತು ಬಲ್ಬಿಗೆ ತಲುಪುವುದಿಲ್ಲ. ಚಾರ್ಜಿಂಗ್ ಶೆಲ್ಲಿನಲ್ಲಿ, ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದರಲ್ಲಿ, ಈ ರೋಧ ಹೊಸ ಅಲ್ಕಲೈನಿನದಕ್ಕಿಂತ ಬಹಳ ಕಡಿಮೆ. ಮೊದಲಿನಿಂದ 1.2 ಎಂದು ಹೇಳಿಕೊಂಡದ್ದು ಕೊನೆಯವರೆಗೂ 1.2ರಲ್ಲೇ ನಡೆಯುತ್ತದೆ.

ನಮ್ಮ ಹಿರಿಯರು ಮುಗಿದ ಶೆಲ್ಲನ್ನು ಜಗುಲಿ ಕಟ್ಟೆಯ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದದ್ದು ನೆನಪಿದೆಯೇ? ಅದು ಮೂಢನಂಬಿಕೆ ಅಲ್ಲ. ಹಳೆಯ ಕಾರ್ಬನ್ ಶೆಲ್ಲು ಕೆಲಸ ಮಾಡಿದಂತೆ ಒಳಗೆ ಕಟ್ಟಿಕೊಂಡಂತಾಗಿ ಸೊರಗುತ್ತದೆ, ಬಿಡುವು ಸಿಕ್ಕರೆ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ. ಬಿಸಿಲು ಆ ಕೆಲಸವನ್ನು ಚುರುಕು ಮಾಡುತ್ತದೆ. ಹತ್ತು ನಿಮಿಷದ ಬೆಳಕು ಹೆಚ್ಚು ಸಿಗುತ್ತಿತ್ತು, ಅಷ್ಟೇ. 1899ರಲ್ಲಿ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬವರು ಕೊಳವೆಯಾಕಾರದ ಬ್ಯಾಟರಿಗೆ ಪೇಟೆಂಟ್ ಪಡೆದಾಗಲೂ ಇದೇ ಪಾಡು. ಶೆಲ್ಲು ಬಹಳ ಹೊತ್ತು ಉರಿಯುತ್ತಿರಲಿಲ್ಲವಾದ್ದರಿಂದ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ನಡೆಯಬೇಕಿತ್ತು. ಅಲ್ಲಿಯವರು ಅದನ್ನು ‘ಫ್ಲ್ಯಾಶ್‌ಲೈಟ್’ ಎಂದು ಕರೆದದ್ದು ಅದಕ್ಕೇ. ಆ ಪೇಟೆಂಟು ಹಿಡಿದಿದ್ದ ಕಂಪನಿಯೇ ಮುಂದೆ ಎವರೆಡಿ ಎಂಬ ಹೆಸರಿಗೆ ಬಂತು.

ಈಗ ನಿಮ್ಮ ಮೂರನ್ನೂ ಒಂದೊಂದಾಗಿ ನೋಡೋಣ.

ಅಪ್ಪನ ಹಿತ್ತಾಳೆ ಬ್ಯಾಟರಿಯ ಬಲ್ಬನ್ನು ಬಿಚ್ಚಿ, ಅದರ ಲೋಹದ ಕೊರಳನ್ನು ಕನ್ನಡಕ ಹಾಕಿಕೊಂಡು ಓದಿ. ಎರಡು ಶೆಲ್ಲಿನ ಬಲ್ಬುಗಳ ಮೇಲೆ ಸಾಮಾನ್ಯವಾಗಿ 2.5 ವೋಲ್ಟ್, 0.3 ಆಂಪ್ ಎಂದಿರುತ್ತದೆ. ಎರಡು ಒಂದೂವರೆ ಸೇರಿದರೆ ಮೂರಾಗಬೇಕಲ್ಲ, ಎರಡೂವರೆ ಯಾಕೆ? ಶೆಲ್ಲು ಭಾರಕ್ಕೆ ತಲೆಬಾಗುತ್ತದೆ ಎಂದು ಬಲ್ಬು ಮಾಡಿದವನಿಗೆ ಮೊದಲೇ ಗೊತ್ತಿತ್ತು. ಚಾರ್ಜಿಂಗ್ ಶೆಲ್ ಎರಡು ಸೇರಿದರೆ ಬರುವುದು ಹತ್ತಿರಹತ್ತಿರ ಅದೇ ಎರಡೂವರೆ. ನೂರು ವರ್ಷ ಹಿಂದಿನ ಲೆಕ್ಕ ಈ ಶೆಲ್ಲಿಗೆಂದೇ ಹಾಕಿಟ್ಟ ಹಾಗಿದೆ. ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಹೆಜ್ಜೆಗೆ ಹೆಜ್ಜೆ ಇಳಿಯುವುದೂ ಇಲ್ಲ, ಅದು ಬಿದ್ದೇ ಹೋಗುತ್ತದೆ. 2.5ರ ಬಲ್ಬಿಗೆ 2 ವೋಲ್ಟ್ ಸಿಕ್ಕರೆ ಬೆಳಕು ಅರ್ಧಕ್ಕಿಂತ ಕಡಿಮೆ, ಬಣ್ಣ ಗುಲಗಂಜಿಯ ಕಡೆಗೆ. ಬಿಸಾಡುವ ಶೆಲ್ಲಿನಲ್ಲಿ ಮೊದಲ ಅರ್ಧ ತಾಸು ಝಗಝಗ, ಆಮೇಲೆ ಉಳಿದ ರಾತ್ರಿಯೆಲ್ಲ ಆ ಕೆಂಪು ಬೆಳಕೇ. ಚಾರ್ಜಿಂಗ್ ಶೆಲ್ಲಿನಲ್ಲಿ ಆ ಝಗಝಗ ಇಲ್ಲ, ಆ ಕೆಂಪೂ ಇಲ್ಲ.

ಆದರೆ ದೊಡ್ಡ ಶೆಲ್ಲಿನ ಅಳತೆಯಲ್ಲಿ, ಅಂದರೆ ಡಿ ಸೈಜಿನಲ್ಲಿ, ಒಂದು ಮೋಸವಿದೆ. ಪೇಟೆಯಲ್ಲಿ ಸಿಗುವ ಅಗ್ಗದ ದೊಡ್ಡ ಚಾರ್ಜಿಂಗ್ ಶೆಲ್ಲುಗಳಲ್ಲಿ ಹಲವು ದೊಡ್ಡವರ ಅಂಗಿ ತೊಟ್ಟ ಸಣ್ಣ ಹುಡುಗರು. ಹೊರಗೆ ಡಿ ಸೈಜಿನ ಡಬ್ಬ, ಒಳಗೆ ಅದೇ ಪೆನ್ಸಿಲ್ ಶೆಲ್ಲು, ಸುತ್ತಲೂ ಖಾಲಿ ಜಾಗ. ಹಿಂದೊಮ್ಮೆ ಇಂಥ ಒಂದು ಜೋಡಿ ತಂದು ಮೂರೇ ದಿನಕ್ಕೆ ಸಿಟ್ಟು ಬಂದು ಗರಗಸದಲ್ಲಿ ಕೊಯ್ದು ನೋಡಿದೆ. (ನೀವು ಕೊಯ್ಯಬೇಡಿ, ಒಳಗಿನ ದ್ರವ ಕೈ ಸುಡುತ್ತದೆ.) ಕೊಯ್ಯದೆ ತಿಳಿಯುವ ದಾರಿ ತಕ್ಕಡಿ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಡಿ. ಪೆನ್ಸಿಲ್ ಶೆಲ್ ಒಂದು 30 ಗ್ರಾಂ ತೂಗುತ್ತದೆ. ಹತ್ತು ಸಾವಿರ ಎಂಎಎಚ್‌ನ ನಿಜವಾದ ದೊಡ್ಡ ಚಾರ್ಜಿಂಗ್ ಶೆಲ್ 150 ಗ್ರಾಂ ದಾಟಬೇಕು. 60, 70 ಗ್ರಾಂ ಬಂದರೆ ಮರಳಿ ಕೊಡಿ.

ನಿಜವಾದದ್ದು ದುಬಾರಿ, ನಮ್ಮ ಕಡೆ ಸಿಗುವುದೂ ಅಪರೂಪ, ಅದಕ್ಕೆ ಹೊಂದುವ ಚಾರ್ಜರ್ ಇನ್ನೂ ಅಪರೂಪ. ಹಾಗಾಗಿ ಅಪ್ಪನ ಬ್ಯಾಟರಿಗೆ ನಾನು ಹೇಳುವುದು ಬೇರೆ. ಪೆನ್ಸಿಲ್ ಶೆಲ್ಲನ್ನು ಒಳಗಿಟ್ಟು ದೊಡ್ಡ ಶೆಲ್ಲಿನ ಅಳತೆಗೆ ತರುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅಡಾಪ್ಟರ್ ಎಂದು ಕೇಳಿ. ಅದರೊಳಗೆ 2000 ಎಂಎಎಚ್‌ನ ಒಳ್ಳೆಯ ಪೆನ್ಸಿಲ್ ಚಾರ್ಜಿಂಗ್ ಶೆಲ್ ಹಾಕಿದರೆ 0.3 ಆಂಪಿನ ಬಲ್ಬು ಆರು ಗಂಟೆಗಿಂತ ಹೆಚ್ಚು ಉರಿಯುತ್ತದೆ. ಮೋಸದ ದೊಡ್ಡ ಶೆಲ್ಲಿನೊಳಗೆ ಇದ್ದದ್ದೂ ಇದೇ ತಾನೇ? ಇಲ್ಲಿ ಅದು ನಿಮಗೆ ಗೊತ್ತಿದ್ದು ನಡೆಯುತ್ತದೆ. ಬ್ಯಾಟರಿ ಹಗುರವಾಗುತ್ತದೆ ಎಂಬುದೊಂದೇ ಕೊರತೆ. ನಾಯಿ ಅಡ್ಡ ಬಂದರೆ ಮೊದಲಿನ ಧೈರ್ಯ ಇರುವುದಿಲ್ಲ.

ಎರಡನೆಯದು, ಎರಡು ಪೆನ್ಸಿಲ್ ಶೆಲ್ಲಿನ ಎಲ್‌ಇಡಿ. ಅಂಗಡಿಯವರ ಮಾತು ಎಲ್ಲಿ ನಿಜವಾಗುತ್ತದೆ ಎಂಬುದು ಇಲ್ಲಿದೆ. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಬಲ್ಬಿನ ಹಾಗೆ ಕಡಿಮೆ ಕೊಟ್ಟರೆ ಕಡಿಮೆ ಬೆಳಗುತ್ತೇನೆ ಎಂಬ ದಾಕ್ಷಿಣ್ಯ ಅದಕ್ಕಿಲ್ಲ. 2.4 ಕೊಟ್ಟರೆ ಮಿಣುಕು ಹುಳದಷ್ಟು ಬೆಳಕೂ ಸಂಶಯ. ಹಾಗಾಗಿ ಒಳ್ಳೆಯ ಎರಡು ಶೆಲ್ಲಿನ ಎಲ್‌ಇಡಿ ಬ್ಯಾಟರಿಯಲ್ಲಿ ಬಟಾಣಿ ಗಾತ್ರದ ಒಂದು ಸರ್ಕ್ಯೂಟ್ ಇರುತ್ತದೆ. ಶೆಲ್ಲಿನಿಂದ ಬಂದ ವೋಲ್ಟೇಜನ್ನು ಎತ್ತಿ ಎಲ್‌ಇಡಿಗೆ ಕೊಡುವುದು ಅದರ ಕೆಲಸ. ಸರ್ಕ್ಯೂಟ್ ಇದ್ದರೆ 1.2 ಆದರೂ ಸರಿ, 1 ಆದರೂ ಸರಿ, ಬೆಳಕು ಅಷ್ಟೇ. ಸಂತೆಯ ಅಗ್ಗದ ಮಾಲಿನಲ್ಲಿ ಆ ಸರ್ಕ್ಯೂಟೇ ಇರುವುದಿಲ್ಲ, ಎರಡು ಶೆಲ್ಲನ್ನು ನೇರ ಎಲ್‌ಇಡಿಗೆ ಕಟ್ಟಿಬಿಟ್ಟಿರುತ್ತಾರೆ. ಅಂಥದ್ದಕ್ಕೆ ಚಾರ್ಜಿಂಗ್ ಶೆಲ್ ಹಾಕಿದ ಗಿರಾಕಿ ಮರುದಿನ ಅಂಗಡಿಗೆ ಬಂದು ಜಗಳ ಮಾಡುತ್ತಾನೆ. ನಿಮ್ಮ ಅಂಗಡಿಯವರು ಬಹುಶಃ ಅಂಥ ನಾಲ್ಕಾರು ಜಗಳ ಕಂಡವರು.

ನಿಮ್ಮದು ಯಾವ ಜಾತಿಯದೆಂದು ತಿಳಿಯಲು ದುಡ್ಡು ಖರ್ಚು ಮಾಡಬೇಕಿಲ್ಲ. ಗೋಡೆ ಗಡಿಯಾರದಲ್ಲಿ ವರ್ಷ ಓಡಿದ, ಇನ್ನೂ ಪೂರ್ತಿ ಸಾಯದ ಎರಡು ಅಲ್ಕಲೈನ್ ಶೆಲ್ ತೆಗೆದು ಮೀಟರಿನಲ್ಲಿ ನೋಡಿ. ಒಂದೊಂದು 1.2 ಅಥವಾ 1.25 ಇದ್ದರೆ ಅವನ್ನು ಬ್ಯಾಟರಿಗೆ ಹಾಕಿ. ಒಂದೆರಡು ನಿಮಿಷವಾದರೂ ಚೆನ್ನಾಗಿ ಬೆಳಗಿದರೆ ಸರ್ಕ್ಯೂಟ್ ಇದೆ, ಧೈರ್ಯವಾಗಿ ಚಾರ್ಜಿಂಗ್ ಶೆಲ್ ತನ್ನಿ. ಹಾಕಿದ ಕೂಡಲೇ ಕಣ್ಣು ಮುಚ್ಚಿದಂತಾದರೆ ಇಲ್ಲ. ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇದ್ದೇ ಇರುತ್ತದೆ.

ಸರ್ಕ್ಯೂಟ್ ಇದ್ದಲ್ಲಿ ಚಾರ್ಜಿಂಗ್ ಶೆಲ್ಲಿನದೇ ಮೇಲುಗೈ. ವೋಲ್ಟೇಜ್ ಇಳಿದ ಹಾಗೆ ಸರ್ಕ್ಯೂಟು ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ಅಲ್ಕಲೈನ್ ಇನ್ನಷ್ಟು ಕುಸಿಯುತ್ತದೆ. ಸಾಲಗಾರನ ಬಡ್ಡಿಯ ಹಾಗೆ.

ತಲೆಗೆ ಕಟ್ಟುವ ಮೂರು ಶೆಲ್ಲಿನದರಲ್ಲಿ ಲೆಕ್ಕ ತಿರುಗುಮುರುಗು. ಮೂರು ಬಿಸಾಡುವ ಶೆಲ್ಲು ಸೇರಿದರೆ 4.5, ಎಲ್‌ಇಡಿಗೆ ಬೇಕಾದದ್ದು 3. ಹೆಚ್ಚಾದ ಒಂದೂವರೆ ವೋಲ್ಟನ್ನು ಯಾರು ತಡೆಯಬೇಕು? ಒಳ್ಳೆಯದರಲ್ಲಿ ರೆಸಿಸ್ಟರೋ ಸರ್ಕ್ಯೂಟೋ ಇರುತ್ತದೆ. ಅಗ್ಗದ್ದರಲ್ಲಿ ಏನೂ ಇರುವುದಿಲ್ಲ. ಸಣ್ಣ ಶೆಲ್ಲಿನ ಒಳಗಿನ ರೋಧವೇ ತಡೆದುಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಮಾಡಿರುತ್ತಾರೆ. ಚಾರ್ಜಿಂಗ್ ಶೆಲ್ ಮೂರು ಸೇರಿದರೆ 3.6, ಹಾಗಾಗಿ ಬೆಳಕು ಕಡಿಮೆಯಾಗಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ಆದರೆ ಆಗಷ್ಟೇ ಚಾರ್ಜರಿನಿಂದ ತೆಗೆದ ಶೆಲ್ಲಿನಲ್ಲಿ ಒಂದೊಂದರಲ್ಲೂ 1.4 ಇರುತ್ತದೆ, ಒಟ್ಟು 4.2, ತಡೆಯುವ ರೋಧ ಮಾತ್ರ ಇಲ್ಲ. ಎಷ್ಟೋ ಸಲ ಮೊದಲ ಹತ್ತು ನಿಮಿಷ ಅಲ್ಕಲೈನಿಗಿಂತ ಪ್ರಖರವಾಗಿ ಉರಿದು ಎಲ್‌ಇಡಿ ಕೈಗೆ ಬಿಸಿ ತಾಗುವಷ್ಟಾಗುತ್ತದೆ. ಎಂಟೊಂಬತ್ತು ಸಣ್ಣ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದ ಬ್ಯಾಟರಿಯಾದರೆ ಅದರಲ್ಲಿ ಒಂದೆರಡು ಬೇಗ ನೀಲಿಗಟ್ಟಿ ಸಾಯುತ್ತವೆ. ಪರಿಹಾರ ಸುಲಭ. ಚಾರ್ಜ್ ಮಾಡಿದ ಶೆಲ್ಲನ್ನು ಒಂದು ದಿನ ಇಟ್ಟು ಬಳಸಿ, ಆ ಮೇಲಿನ ಬಿಸಿ ತಾನಾಗಿ ಇಳಿಯುತ್ತದೆ. ಕೈಯಲ್ಲಿ ಬೆಸುಗೆ ಕಡ್ಡಿ ಇರುವವರು ಅರ್ಧ ವ್ಯಾಟಿನ 1 ಓಮ್ ರೆಸಿಸ್ಟರ್ ಒಂದನ್ನು ವೈರಿನ ನಡುವೆ ಸೇರಿಸಿದರೆ ಇನ್ನೂ ಒಳ್ಳೆಯದು.

ಇಷ್ಟು ಹೊಗಳಿದ ಮೇಲೆ ಚಾರ್ಜಿಂಗ್ ಶೆಲ್ಲಿನ ಕೆಟ್ಟ ಗುಣ ಹೇಳದಿದ್ದರೆ ತಪ್ಪಾಗುತ್ತದೆ. ಅದು ಹೇಳದೆ ಕೇಳದೆ ಸಾಯುತ್ತದೆ. ಮೇಜಿನ ಮೇಲಿನ ಆ ಶೆಲ್ಲು ನಾಲ್ಕು ಗಂಟೆಯವರೆಗೂ 1.2ರ ಹತ್ತಿರವೇ ಇತ್ತು. ಅದಾಗಿ ಅರ್ಧ ತಾಸಿಗೆ, ನಾನು ಊಟಕ್ಕೆ ಎದ್ದು ಬರುವುದರೊಳಗೆ, 0.9. ಬಿಸಾಡುವ ಶೆಲ್ಲಿನ ಬ್ಯಾಟರಿ ಕೆಂಪಗಾಗಿ ‘ಇನ್ನು ಮನೆ ಕಡೆ ಹೊರಡು’ ಎಂದು ಅರ್ಧ ಗಂಟೆ ಮೊದಲೇ ಹೇಳುತ್ತದೆ. ಇದು ಹೇಳುವುದಿಲ್ಲ. ಸರ್ಕ್ಯೂಟ್ ಇರುವ ಎಲ್‌ಇಡಿಯಲ್ಲಂತೂ ಕೊನೆಯ ನಿಮಿಷದವರೆಗೂ ಹಾಲಿನಂಥ ಬೆಳಕು, ಆಮೇಲೆ ಕಗ್ಗತ್ತಲೆ.

ನಾನು ಇದನ್ನು ಕಲಿತದ್ದು ಒಂದು ಸಂಕದ ಮೇಲೆ. ತಾಳಮದ್ದಳೆ ಮುಗಿಸಿ ರಾತ್ರಿ ಎರಡರ ಸುಮಾರಿಗೆ ತೋಟದ ದಾರಿಯಲ್ಲಿ ಬರುತ್ತಿದ್ದೆ. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು, ಅಡಕೆ ಮರದ ನಾಲ್ಕು ದಬ್ಬೆ ಹಾಕಿದ ಸಂಕ, ಮಳೆಗೆ ಪಾಚಿ ಕಟ್ಟಿತ್ತು. ನಡುವಿಗೆ ಬಂದಾಗ ಬೆಳಕು ಹೋಯಿತು. ಮಿಣುಕಲಿಲ್ಲ, ಕೆಂಪಾಗಲಿಲ್ಲ, ಹೋಯಿತು. ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ದಬ್ಬೆ ಹಿಡಿದುಕೊಂಡೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕಾಲು ಗಂಟೆ ಹಿಡಿಯಿತು, ಆಮೇಲೆ ಕೂತಲ್ಲೇ ಜರುಗುತ್ತ ಆಚೆ ದಡ ಸೇರಿದೆ. ಅಂದಿನಿಂದ ಕಿಸೆಯಲ್ಲಿ ಇನ್ನೊಂದು ಜೋಡಿ ಶೆಲ್ಲು ಇಲ್ಲದೆ ರಾತ್ರಿ ಹೊರಗೆ ಕಾಲಿಡುವುದಿಲ್ಲ. ಗಜನಿ ಕಟ್ಟಿನ ಮೇಲೆ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಕೆಸರು. ನೀವೂ ಹಾಗೇ ಮಾಡಿ. ಕಿಸೆಯ ಆ ಜೋಡಿಯನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಕೀಲಿಕೈ, ಚಿಲ್ಲರೆ ಜೊತೆ ಬಿಟ್ಟರೆ ಎರಡು ತುದಿ ಕೂಡಿ ಕಿಸೆ ಸುಡುತ್ತದೆ.

ಸತ್ತ ಶೆಲ್ಲನ್ನು ಮತ್ತೂ ಹಿಂಡಲು ಹೋಗಬಾರದು ಎಂಬುದು ಇದಕ್ಕೇ ಸೇರಿದ ಮಾತು. ಎರಡೋ ಮೂರೋ ಶೆಲ್ಲು ಒಂದರ ಹಿಂದೆ ಒಂದು ಕೂತಿರುವಾಗ ಎಲ್ಲವೂ ಒಟ್ಟಿಗೆ ಮುಗಿಯುವುದಿಲ್ಲ. ಬಡಕಲು ಶೆಲ್ಲು ಮೊದಲು ಖಾಲಿಯಾಗುತ್ತದೆ, ಉಳಿದವು ಅದರ ಮೂಲಕವೇ ಕರೆಂಟು ನುಗ್ಗಿಸಿ ಅದನ್ನು ಉಲ್ಟಾ ಚಾರ್ಜ್ ಮಾಡತೊಡಗುತ್ತವೆ. ಹಾಗೆ ಎರಡು ಮೂರು ಸಲವಾದರೆ ಆ ಶೆಲ್ಲಿನ ಕಥೆ ಮುಗಿಯಿತು. ಒಳಗೆ ಅನಿಲವೂ ಹುಟ್ಟುತ್ತದೆ. ನೀರು ಹೋಗದಂತೆ ರಬ್ಬರ್ ಬಳೆ ಹಾಕಿದ ಬ್ಯಾಟರಿಯಾದರೆ ಅದು ಹೊರಗೆ ಹೋಗಲೂ ದಾರಿಯಿಲ್ಲ. ಬೆಳಕು ಕುಂದಿದ ಕೂಡಲೇ ಆರಿಸಿ. ಒಟ್ಟಿಗೆ ಕೊಂಡ ಶೆಲ್ಲುಗಳನ್ನು ಒಟ್ಟಿಗೇ ಬಳಸಿ, ಒಟ್ಟಿಗೇ ಚಾರ್ಜ್ ಮಾಡಿ. ನಾನು ಅಳಿಸದ ಪೆನ್ನಿನಲ್ಲಿ ಮೈಮೇಲೆ ಜೋಡಿಯ ನಂಬರ್ ಬರೆಯುತ್ತೇನೆ. ನನ್ನ ಹೆಂಡತಿ ಮೊದಲು ನಗುತ್ತಿದ್ದಳು, ಈಗ ಅವಳೇ ‘3ರ ಜೋಡಿ ಎಲ್ಲಿ’ ಎಂದು ಕೇಳುತ್ತಾಳೆ. ಅರ್ಧ ಅಲ್ಕಲೈನ್, ಅರ್ಧ ಚಾರ್ಜಿಂಗ್ ಹಾಕುವ ಉಳಿತಾಯ ಮಾತ್ರ ಎಂದೂ ಬೇಡ.

ಕೊಳ್ಳುವಾಗ ಚೀಟಿಯಲ್ಲಿ ‘ಪ್ರೀಚಾರ್ಜ್ಡ್’ ಅಥವಾ ‘ರೆಡಿ ಟು ಯೂಸ್’ ಎಂದಿರುವುದನ್ನು ಆರಿಸಿ. ಹಳೆಯ ನಮೂನೆಯ ಚಾರ್ಜಿಂಗ್ ಶೆಲ್ಲು ಡಬ್ಬಿಯಲ್ಲಿ ಸುಮ್ಮನಿದ್ದರೂ ತಿಂಗಳೊಳಗೆ ಕಾಲು ಭಾಗದಷ್ಟು ಸೋರಿಹೋಗುತ್ತಿತ್ತು, ಕರಾವಳಿಯ ಏಪ್ರಿಲ್ ಸೆಕೆಗೆ ಇನ್ನೂ ಬೇಗ. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿ ಎನಿಲೂಪ್ ಎಂಬ ಹೆಸರಿನಲ್ಲಿ ಸೋರಿಕೆ ಕಡಿಮೆಯ ಶೆಲ್ಲು ತಂದ ಮೇಲೆ ಆ ಗೋಳು ತಪ್ಪಿತು. ಈ ಜಾತಿಯವು ವರ್ಷ ಕಳೆದರೂ ಸುಮಾರು ಮುಕ್ಕಾಲು ಪಾಲು ಉಳಿಸಿಕೊಂಡಿರುತ್ತವೆ. ಪೆನ್ಸಿಲ್ ಅಳತೆಯಲ್ಲಿ 1900ದಿಂದ 2500 ಎಂಎಎಚ್ ನಂಬಬಹುದಾದ ಸಂಖ್ಯೆ. 3000ಕ್ಕಿಂತ ಮೇಲೆ ಬರೆದಿದ್ದರೆ ಮುಟ್ಟಲೂ ಹೋಗಬೇಡಿ.

ಚಾರ್ಜರಿನ ಬಗ್ಗೆ ಯಾರೂ ಕೇಳುವುದಿಲ್ಲ, ಶೆಲ್ಲು ಹಾಳಾಗುವುದು ಮಾತ್ರ ಅಲ್ಲೇ. ಅಗ್ಗದ ಚಾರ್ಜರುಗಳು ಗಡಿಯಾರ ನೋಡಿ ಕೆಲಸ ಮಾಡುತ್ತವೆ. ಇಂತಿಷ್ಟು ಗಂಟೆ ಕರೆಂಟು ಹರಿಸಿ ನಿಲ್ಲುತ್ತವೆ, ಶೆಲ್ಲು ತುಂಬಿತೋ ಇಲ್ಲವೋ ನೋಡುವುದಿಲ್ಲ. ಬೆಂಗಳೂರಿನಲ್ಲಿ ಇದು ನಡೆದೀತು. ನಮ್ಮ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು, ಟೊಂಗೆ ಬಿದ್ದು ಒಂದು ರಾತ್ರಿಯಲ್ಲಿ ಆರು ಸಲ ಕರೆಂಟು ಹೋಗಿ ಬರುತ್ತದೆ. ಪ್ರತಿ ಸಲ ಬಂದಾಗಲೂ ಆ ಗಡಿಯಾರ ಸೊನ್ನೆಯಿಂದ ಶುರು. ತುಂಬಿದ ಶೆಲ್ಲಿನ ಬಾಯಿಗೆ ಮತ್ತೆ ಮತ್ತೆ ತುರುಕಿದ ಹಾಗೆ. ಬೆಳಿಗ್ಗೆ ಮುಟ್ಟಿದರೆ ಕೈ ಚುರುಕ್ಕೆನ್ನುವಷ್ಟು ಕಾದಿರುತ್ತದೆ. ಶೆಲ್ಲು ತುಂಬಿದಾಗ ಅದರ ವೋಲ್ಟೇಜು ಏರುವುದನ್ನು ನಿಲ್ಲಿಸಿ ಒಂದಿಷ್ಟು ಕೆಳಗಿಳಿಯುತ್ತದೆ. ಆ ಸೂಕ್ಷ್ಮವನ್ನು ಗುರುತಿಸಿ ನಿಲ್ಲಿಸುವ ಚಾರ್ಜರ್ ಬೇಕು. ಗುರುತು ಏನೆಂದರೆ ಪ್ರತಿ ಶೆಲ್ಲಿಗೂ ಒಂದೊಂದು ದೀಪ ಇರುತ್ತದೆ, ಒಂದೇ ಶೆಲ್ ಹಾಕಿದರೂ ಚಾರ್ಜ್ ಮಾಡುತ್ತದೆ. ಜೋಡಿ ಹಾಕಿದರೆ ಮಾತ್ರ ನಡೆಯುವ ಚಾರ್ಜರ್ ಮೂರು ಶೆಲ್ಲಿನ ತಲೆದೀಪದವರಿಗೆ ಹೇಗೂ ಉಪಯೋಗವಿಲ್ಲ. ಬಿಸಾಡುವ ಶೆಲ್ಲನ್ನು ಚಾರ್ಜರಿಗೆ ಹಾಕಿ ನೋಡೋಣ ಎನ್ನುವವರು ಇದ್ದಾರೆ. ಅದು ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ.

ಈಗ ಅಳಿಯಂದಿರ ಶೆಲ್ಲು. ಅದರ ಮೇಲೆ 14500 ಎಂದೂ ಬರೆದಿರಬೇಕು, ನೋಡಿ. 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಪೆನ್ಸಿಲ್ ಶೆಲ್ಲಿನ ಅಳತೆಯೇ ಹೌದು, ಆದರೆ ಒಳಗಿರುವುದು ಮೊಬೈಲಿನ ಜಾತಿಯ ಲಿಥಿಯಂ ಅಯಾನ್. ತುಂಬಿದಾಗ ಒಂದರಲ್ಲೇ 4.2 ವೋಲ್ಟ್. ಎರಡು ಹಾಕಿದರೆ 8.4. ವೋಲ್ಟೇಜು ಎತ್ತುವ ಸರ್ಕ್ಯೂಟಿಗೆ ಎತ್ತಲು ಗೊತ್ತು, ತಡೆಯಲು ಗೊತ್ತಿಲ್ಲ. ಬಂದಷ್ಟನ್ನೂ ನೇರ ಎಲ್‌ಇಡಿಗೆ ಬಿಡುತ್ತದೆ. ಗೆಳೆಯರೊಬ್ಬರು ಹೀಗೇ ಹಾಕಿ ಗುಂಡಿ ಒತ್ತಿದ್ದನ್ನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ. ಅಂಗಳದಾಚೆಯ ಹಲಸಿನ ಮರ ಹಗಲಿನಂತೆ ಕಂಡಿತು, ‘ಆಹಾ’ ಎಂದರು, ಆ ಶಬ್ದ ಮುಗಿಯುವ ಮೊದಲೇ ಸುಟ್ಟ ವಾಸನೆ. ಹಿತ್ತಾಳೆ ಬ್ಯಾಟರಿಗೆ ಅಡಾಪ್ಟರಿನಲ್ಲಿ ಇದನ್ನು ಹಾಕಿದರೂ ಬಲ್ಬಿಗೆ ಅದೇ ಗತಿ. ಬಲ್ಬು ಹೋದರೆ ಹೋಗಲಿ, ಭಯ ಬೇರೆಯದು. ಸರಿಸಮ ಇಲ್ಲದ ಎರಡು ಲಿಥಿಯಂ ಶೆಲ್ಲು ಗಟ್ಟಿ ಕೊಳವೆಯೊಳಗೆ ಕೂತು ಒಂದು ಕೆಟ್ಟರೆ ಒಳಗೇ ಬೆಂಕಿ ಹೊತ್ತಿಕೊಳ್ಳಬಹುದು, ಮತ್ತು ಆ ಕೊಳವೆ ನಿಮ್ಮ ಕೈಯಲ್ಲಿರುತ್ತದೆ. 3.7ರ ಶೆಲ್ಲು ಕೆಟ್ಟದ್ದಲ್ಲ. ಅದಕ್ಕೆಂದೇ ಮಾಡಿದ, ಮೈಮೇಲೆ 14500 ಹಾಕಬಹುದು ಎಂದು ಬರೆದ ಬ್ಯಾಟರಿ ಸಿಗುತ್ತದೆ. ಅಳಿಯಂದಿರಿಗೆ ಅದನ್ನು ತರಲು ಹೇಳಿ. ಶೆಲ್ಲು ವಾಪಸು ಮಾಡುವುದಕ್ಕಿಂತ ಅದು ಅವರಿಗೂ ಮರ್ಯಾದೆ.

ಅವರು ಆನ್‌ಲೈನಿನಲ್ಲಿ ಇನ್ನೊಂದನ್ನೂ ತೋರಿಸಬಹುದು. ಪೆನ್ಸಿಲ್ ಅಳತೆಯದೇ, ಲಿಥಿಯಂದೇ, ಆದರೆ 1.5 ಎಂದು ಬರೆದದ್ದು, ಮೊಬೈಲ್ ವೈರಿನಲ್ಲೇ ಚಾರ್ಜ್ ಆಗುವುದು. ಅದರೊಳಗೆ ವೋಲ್ಟೇಜು ಇಳಿಸುವ ಸರ್ಕ್ಯೂಟ್ ಇದೆ, ನಿಮ್ಮ ಎಲ್‌ಇಡಿಗೆ ಹಾಕಬಹುದು. ಹಳೇ ಬಲ್ಬಿಗೆ ಬೇಡ. ಭಾರಕ್ಕೆ ಬಾಗದೆ ನೆಟ್ಟಗೆ 3 ವೋಲ್ಟ್ ಕೊಟ್ಟರೆ 2.5ರ ಬಲ್ಬಿನ ಆಯುಷ್ಯ ಗಂಟೆಗಳ ಲೆಕ್ಕಕ್ಕೆ ಬರುತ್ತದೆ. ಹೇಳದೆ ಸಾಯುವ ಗುಣ ಇದಕ್ಕೆ ಇನ್ನೂ ಜಾಸ್ತಿ. ಇದನ್ನು ಮಾಮೂಲಿ ಚಾರ್ಜಿಂಗ್ ಶೆಲ್ಲಿನ ಚಾರ್ಜರಿಗೂ ಹಾಕಬಾರದು.

ದಿನಾ ಬಳಸುವ ಬ್ಯಾಟರಿಗೆ ಮಾತ್ರ ಇಷ್ಟೆಲ್ಲ. ವರ್ಷಕ್ಕೆರಡು ಸಲ ಹೊತ್ತಿಸುವ, ಗೂಟಕ್ಕೆ ತೂಗುಹಾಕಿದ ಬ್ಯಾಟರಿಗೆ ಚಾರ್ಜಿಂಗ್ ಶೆಲ್ಲಿನ ಖರ್ಚು ಹುಟ್ಟುವುದಿಲ್ಲ. ಅದಕ್ಕೆ ಬಿಸಾಡುವುದೇ ಇರಲಿ, ಆದರೆ ಶೆಲ್ಲನ್ನು ಒಳಗೆ ಬಿಡದೆ ಹೊರಗಿಟ್ಟಿರಿ. ಅಪ್ಪನ ಬ್ಯಾಟರಿಯ ಮುಚ್ಚಳ ತಿರುಗದಿರುವುದಕ್ಕೆ ನನಗೆ ಕಾಣುವ ಕಾರಣ ಅದೇ. ಕಾರ್ಬನ್ ಶೆಲ್ಲಿನ ಹೊರಗಿನ ಸತುವಿನ ಡಬ್ಬವೇ ಒಳಗೆ ಕರಗಿ ಕರೆಂಟು ಕೊಡುವ ವಸ್ತು. ಪೂರ್ತಿ ಮುಗಿದಾಗ ಡಬ್ಬಕ್ಕೆ ತೂತು ಬಿದ್ದು ಒಳಗಿನದು ಸೋರುತ್ತದೆ. ಅದರ ಮೇಲೆ ನಿಮ್ಮ ಹೊಳೆಯ ಉಪ್ಪುಗಾಳಿ.

ತಿರುಚಲು ಇಕ್ಕಳ ಹಚ್ಚಬೇಡಿ, ಹಿತ್ತಾಳೆ ನುಗ್ಗಾಗುತ್ತದೆ. ಮೊದಲು ಗಾಜಿನ ಕಡೆಯ ತಲೆ ಬಿಚ್ಚಿ, ಬಲ್ಬು ತೆಗೆದಿಡಿ. ಬ್ಯಾಟರಿಯನ್ನು ಹಿಂದಿನ ಮುಚ್ಚಳ ಕೆಳಗಾಗುವಂತೆ ಒಂದು ಲೋಟದಲ್ಲಿ ನಿಲ್ಲಿಸಿ, ಮುಚ್ಚಳದ ಸಂದು ಮುಳುಗುವಷ್ಟು ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಬಿಡಿ. ಕಾರ್ಬನ್ ಶೆಲ್ಲಿನ ಸೋರಿಕೆ ಹುಳಿಯ ಗುಣದ್ದು, ಅದಕ್ಕೆ ಸೋಡಾ. ಒಳಗಿದ್ದದ್ದು ಅಲ್ಕಲೈನ್ ಆಗಿದ್ದರೆ ಸೋರಿಕೆ ಬಿಳಿ ಪುಡಿಯಾಗಿರುತ್ತದೆ. ಅದು ಕ್ಷಾರ, ಅದಕ್ಕೆ ಸೋಡಾ ಬದಲು ಲಿಂಬೆಹುಳಿ ಅಥವಾ ವಿನೆಗರ್. ಬೆಳಿಗ್ಗೆ ಒರೆಸಿ, ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಿರುಗಿಸಿ, ಹಿಡಿತ ಸಿಗುತ್ತದೆ. ಬಿಚ್ಚಿದ ಮೇಲೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಶೆಲ್ಲು ತೆಗೆಯಿರಿ, ಸ್ಪ್ರಿಂಗಿನ ಹಸಿರನ್ನು ಸಣ್ಣ ಪಾಲಿಷ್ ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ. ಇದನ್ನು ಸೋಮಾರಿತನದಿಂದ ಬಿಡಬೇಡಿ. ಕಿಲುಬಿನಿಂದ ಅರ್ಧ ಓಮ್ ರೋಧ ಸೇರಿಕೊಂಡರೂ ನಿಮ್ಮ ಎರಡೂವರೆ ವೋಲ್ಟಿನಲ್ಲಿ 0.15 ಅಲ್ಲೇ ಹೋಯಿತು, ಆಮೇಲೆ ನೀವು ಬೈಯುವುದು ಪಾಪದ ಚಾರ್ಜಿಂಗ್ ಶೆಲ್ಲನ್ನು. ಮುಚ್ಚಳದ ತಿರುಪಿನ ಮರೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ತೆಂಗಿನೆಣ್ಣೆ ಹಚ್ಚಬೇಡಿ, ಎರಡು ತಿಂಗಳಿಗೆ ಅಂಟಾಗಿ ಮತ್ತೆ ಇದೇ ಪ್ರಶ್ನೆ ಬರೆಯಬೇಕಾಗುತ್ತದೆ.